ಲಾಭ, ಎರಡು, ಮೂರು

ಹೊಸನಗರದ ಸಂತೆಯ ತಕ್ಕಡಿಗಳಿಗೆಲ್ಲ ಮುದ್ರೆ ಒತ್ತಿ
ಮುಗಿಸುವಾಗ ಮೂರೂಕಾಲು. ಶಿವಮೊಗ್ಗದ ಬಸ್ಸಿಗೆ
ಇನ್ನೂ ಒಂದೂವರೆ ಗಂಟೆ.
ಹಳೆ ದನದ ಆಸ್ಪತ್ರೆಯ ಗೋಡೆಯ ಮೇಲೆ ಬರೆದಿತ್ತು:
ವಸ್ತು ಸಂಗ್ರಹಾಲಯ. ಬೀಗ ಹಾಕಿದ್ದರೆ
ಎದುರಿನ ಸೈಕಲ್ ಶಾಪಿನಲ್ಲಿ ಕೇಳಿ.
ಕೇಳಿದೆ.

ಪಂಕ್ಚರ್ ನೋಡುವ ನೀರಲ್ಲೇ ಕೈ ತೊಳೆದು
ಪದ್ಮಯ್ಯ ಮೇಷ್ಟ್ರು ಬಂದರು.
ಮೂವತ್ತೊಂದು ವರ್ಷ ಡ್ರಾಯಿಂಗ್ ಕಲಿಸಿದವರು;
ಈಗ ಊರೂರಿನ ಅಟ್ಟಗಳಿಂದ ಯಾರಿಗೂ ಬೇಡದ್ದನ್ನು
ತಂದು, ಒರೆಸಿ, ಚೀಟಿ ಅಂಟಿಸುತ್ತಾರೆ.
"ಟಿಕೆಟ್ಟಿಲ್ಲ. ಚಪ್ಪಲಿ ಹೊರಗೆ ಬಿಡಿ.
ನಾಯಿ ಒಯ್ದರೆ ಮಾತ್ರ ನನ್ನ ಕೇಳಬೇಡಿ."

ಹೋರಿ ಕಟ್ಟುತ್ತಿದ್ದ ಸರಳುಗಳ ನಡುವೆ ಕಪಾಟು.
ನಿಂತುಹೋದ ಬಸ್ ಕಂಪನಿಯ ಟಿಕೆಟ್ ಪಂಚು,
ಒತ್ತಿದರೆ ಇವತ್ತಿಗೂ ನಕ್ಷತ್ರದ ತೂತು.
ಹಲ್ಲುನೋವಿನ ಮದ್ದು ಬರೆದ ತಾಳೆಗರಿ, ಅರ್ಧ;
ಉಳಿದರ್ಧ ತಿಂದ ಗೆದ್ದಲಿಗೆ ಹಲ್ಲು ಗಟ್ಟಿಯಾಗಿರಬೇಕು.
ಎಮ್ಮೆಗೆ ಕಷಾಯ ಹೊಯ್ಯುವ ಬಿದಿರ ಗೊಟ್ಟ.
"ಇದು ಕಟ್ಟಡದ ಜೊತೆಗೇ ಬಂದದ್ದು" ಎಂದರು.

ಆಮೇಲೆ ಒಂದು ಹಗ್ಗ. ಪುಂಡಿನಾರು, ಒಂಬತ್ತು ಮೊಳ.
ಸೂಲಗಿತ್ತಿ ಹುಚ್ಚಮ್ಮನದಂತೆ.
ಹೆಣ್ಣಾದರೆ ಒಂದು ಗಂಟು, ಗಂಡಾದರೂ ಒಂದೇ.
"ಯಾವ ಗಂಟು ಯಾರದೆಂದು ಮುಟ್ಟಿ ಹೇಳುತ್ತಿದ್ದಳು,
ಕಣ್ಣು ಹೋದ ಮೇಲೂ."
ಎಣಿಸಿದೆ, ಇನ್ನೂರ ಹನ್ನೆರಡು.
ನಡುನಡುವೆ ಅಲ್ಲಲ್ಲಿ ನಾರು ಸುಕ್ಕಾಗಿತ್ತು,
ಗಂಟು ಹಾಕಿ ಮತ್ತೆ ಬಿಚ್ಚಿದ ಹಾಗೆ.
ಮೇಷ್ಟ್ರು ಅದರ ಬಗ್ಗೆ ಏನೂ ಹೇಳಲಿಲ್ಲ.
ನಾನೂ ಕೇಳಲಿಲ್ಲ.

ಕಿಟಕಿಯ ಕೆಳಗೆ ನನ್ನ ಕಸುಬಿನ ಸಾಮಾನು:
ಕೊಳಗ, ಬಳ್ಳ, ಸೇರು, ಪಾವು, ಚಟಾಕು,
ಕೋಳಿ ಹಿಂದೆ ಮರಿಗಳ ಹಾಗೆ ಸಾಲಾಗಿ.
"ನೀವು ಅಳತೆ ಇಲಾಖೆಯವರಲ್ಲವಾ ಮೇಡಂ,
ಇದಕ್ಕೊಂದು ಸರಿಯಾದ ಚೀಟಿ ಬರೆದುಕೊಡಿ."

ಹಿತ್ತಾಳೆ ಸೇರನ್ನು ಎತ್ತಿದೆ. ಇರಬೇಕಾದ್ದಕ್ಕಿಂತ ಭಾರ.
ಹೊರಗಿನ ಎತ್ತರಕ್ಕೆ ಬೆರಳು, ಒಳಗಿನ ಆಳಕ್ಕೆ ಬೆರಳು,
ನಡುವೆ ಹೆಬ್ಬೆರಳ ಉಗುರಿನಷ್ಟು
ಲೆಕ್ಕಕ್ಕೆ ಸಿಗದ ಜಾಗ.
ಬೆಸುಗೆ ಹಾಕಿದ ಇನ್ನೊಂದು ತಳ. ನಯವಾದ ಕೆಲಸ.
ಇಪ್ಪತ್ತು ವರ್ಷದಲ್ಲಿ ಇಷ್ಟು ಚಂದದ ಮೋಸ ನೋಡಿರಲಿಲ್ಲ;
ಸುಳ್ಳೇಕೆ, ಖುಷಿಯಾಯಿತು, ನಿಧಿ ಸಿಕ್ಕಷ್ಟು.

ಮಗುಚಿದೆ.
ಅಡಿಯಲ್ಲಿ ಕೊರೆದ ಒಂದು ಮೀನು.
ಕಣ್ಣು ತಲೆಯಲ್ಲಿಲ್ಲ, ಹೊಟ್ಟೆಯ ಮೇಲೆ.
ಪಕ್ಕದಲ್ಲಿ ಎರಡಕ್ಷರ: ದೊ. ತ.

ಈ ಮೀನಿನಲ್ಲಿ ನಾನು ಹಾಲು ಕುಡಿದಿದ್ದೇನೆ.
ನಮ್ಮ ಹಂಡೆಗೆ, ತಂಬಿಗೆಗೆ, ಅಜ್ಜಿಯ ಕವಳದ ತಟ್ಟೆಗೆ
ಇದೇ ಮೀನು, ಇದೇ ದಾರಿ ತಪ್ಪಿದ ಕಣ್ಣು.
ದೊಡ್ಡಂಗಡಿ ತಮ್ಮಯ್ಯ, ನನ್ನ ಮುತ್ತಜ್ಜ.
ಅಕ್ಕಿಗೆ ತತ್ವಾರ ಬಂದ ವರ್ಷ
ಊರಿಗೆಲ್ಲ ಅಳೆದು ಕೊಟ್ಟ ಪುಣ್ಯಾತ್ಮನೆಂದು
ನಮ್ಮಲ್ಲಿ ದೀಪಾವಳಿಗೊಮ್ಮೆ ಹೇಳುವುದುಂಟು.
ಅಳೆದು ಕೊಟ್ಟದ್ದು ನಿಜ.

"ಯಾರದ್ದೋ ಏನೋ, ಗುಜರಿಯಲ್ಲಿ ಸಿಕ್ಕಿತು" ಎಂದರು.
ಸೈಕಲ್ ಶಾಪಿನಿಂದ ಒಂದು ಬಕೆಟ್ ನೀರು,
ನನ್ನ ಚೀಲದಿಂದ ಐವತ್ತು ಮಿಲಿಯ ಸರ್ಕಾರಿ ಪಾತ್ರೆ.
ಮೊದಲ ಸಲ ಸುರಿಯುತ್ತಿದ್ದಂತೆ
"ಲಾಭ" ಎಂದರು ಮೇಷ್ಟ್ರು, ರೂಢಿಯಂತೆ;
ಅಳೆಯುವಾಗ ಹಳಬರು ಒಂದು ಅನ್ನುವುದಿಲ್ಲ.
"ಒಂದು" ಎಂದೆ.
ಅವರು ನನ್ನ ಮುಖ ನೋಡಿದರು.
ಎರಡರಿಂದ ಇಬ್ಬರದೂ ಒಂದೇ ಲೆಕ್ಕ.

ಹದಿನೇಳೂವರೆಗೆ ತುಂಬಿ ತುಳುಕಿತು.
ಇಪ್ಪತ್ತು ಬೇಕಿತ್ತು.

ಚೀಟಿಯಲ್ಲಿ ಬರೆದೆ: ಸೇರು. ಹಿತ್ತಾಳೆ.
ಸೇರಿಗೆ ಅರ್ಧ ಪಾವು ಕಡಿಮೆ.
ಪೆನ್ನು ಎತ್ತಿ, ಮತ್ತೆ ಇಟ್ಟು:
ದೊಡ್ಡಂಗಡಿ ತಮ್ಮಯ್ಯನದು.

"ಹೆಸರು ಹೇಗೆ ಗೊತ್ತಾಯಿತು?"
ಅಕ್ಷರ ತೋರಿಸಿದೆ. ಅವರು ಕನ್ನಡಕ ಏರಿಸಿ
ಬಹಳ ಹೊತ್ತು ಮೀನನ್ನೇ ನೋಡಿ,
"ಕಣ್ಣು ಎಲ್ಲಿಟ್ಟಿದ್ದಾನೆ ನೋಡಿ.
ಡ್ರಾಯಿಂಗ್ ಬಾರದವನು" ಎಂದರು.

ಹೊರಗೆ ಚಪ್ಪಲಿ ಎರಡೂ ಇದ್ದವು,
ನಾಯಿ ಅದರ ಮೇಲೇ ತಲೆಯಿಟ್ಟು ಮಲಗಿತ್ತು.
ಬಸ್ಸಿನ ಹಾರ್ನ್ ಕೇಳುವವರೆಗೂ ನಾನು
ಎಬ್ಬಿಸದೆ ನಿಂತಿದ್ದೆ.